ಗಿರಿನಗರದಿಂದ ಎದ್ದ ಹೊಲಿಗೆ ಹಾಲ್

ಮೊದಲನೆಯ ಗೂಟ ಅರ್ಧ ಹೊರಗೆ ಬಂದಿತ್ತು, ಅಷ್ಟರಲ್ಲಿ ಅನಂತಪದ್ಮನಾಭನ ಸ್ಕೂಟರು ಸೈಟಿನ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಒಬ್ಬ ಪೊಲೀಸಪ್ಪ ಇಳಿದ. ವಿಜಯಲಕ್ಷ್ಮಿ ಕೈಯಲ್ಲಿದ್ದ ಮರದ ಸುತ್ತಿಗೆಯನ್ನು ಕೆಳಗಿಡಲಿಲ್ಲ.

ಗಿರಿನಗರದ ಆ ಸೈಟಿನಲ್ಲಿ ಅವಳು ಹದಿಮೂರು ವರ್ಷದಿಂದ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಅನಂತಪದ್ಮನಾಭನ ತಂದೆ ಬಾಯಿಮಾತಿನ ಮೇಲೆ ಬಿಟ್ಟುಕೊಟ್ಟಿದ್ದ ಜಾಗ. ಅಲ್ಲಿ ಅವಳ ಅಪ್ಪ, ಬಡಗಿ ತಿಮ್ಮರಾಯಪ್ಪ, ಎಂಟು ಕಂಬದ ಮರದ ಹಾಲ್ ನಿಲ್ಲಿಸಿದ್ದ. ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಕಂಬದ ತೂತಿಗೆ ತೊಲೆಯ ತುದಿ ಕೂರಿಸಿ, ಮರದ ಗೂಟ ಬಿಗಿದಿದ್ದ, ಅಷ್ಟೆ. ಅನಂತಪದ್ಮನಾಭನ ತಂದೆ ತೀರಿಕೊಂಡ ಮೇಲೆ ಮಗ ಸೈಟನ್ನು ಮಾರಿದ. ಸೋಮವಾರದೊಳಗೆ ಖಾಲಿ ಮಾಡಬೇಕು, ಆದರೆ ಹಾಲ್ ಮುಟ್ಟಬಾರದು, ಕೊಂಡವರು ಅದನ್ನು ನೋಡಿಯೇ ಒಪ್ಪಿದ್ದಾರೆ ಎಂದು ಹೇಳಿಕಳಿಸಿದ್ದ. ಜಾಗ ಬಿಡಲು ವಿಜಯಲಕ್ಷ್ಮಿಯ ತಕರಾರಿರಲಿಲ್ಲ. ಅಪ್ಪನ ಕೈಕೆಲಸವನ್ನೂ ಬಿಟ್ಟು ಹೋಗು ಅಂದದ್ದು ಅವಳ ಗಂಟಲಲ್ಲಿ ಇಳಿಯಲಿಲ್ಲ. ಭಾನುವಾರ ಬೆಳಿಗ್ಗೆಯೇ ಹನ್ನೊಂದು ಜನ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದು ಹೆಂಚು ಇಳಿಸಿದ್ದರು.

ನೆಲ ಮಾರಿದ ಮೇಲೆ ಅದರ ಮೇಲಿನ ಕಟ್ಟಡವೂ ಸೇರಿಯೇ ಹೋಗುತ್ತದೆ ಎಂದು ಅನಂತಪದ್ಮನಾಭ ಪೊಲೀಸಪ್ಪನಿಗೆ ವಿವರಿಸಿದ.

"ಇದು ಕಟ್ಟಡ ಅಲ್ಲ ಸಾರ್, ನಮ್ಮಪ್ಪ ಮಾಡಿದ ಸಾಮಾನು," ಎಂದಳು ವಿಜಯಲಕ್ಷ್ಮಿ. "ಮನೆ ಖಾಲಿ ಮಾಡೋರು ಮಂಚ ಬಿಟ್ಟು ಹೋಗ್ತಾರಾ? ಪಾಯ ಎಲ್ಲಿದೆ ತೋರಿಸಿ, ಬಿಚ್ಚೋದನ್ನ ನಾನೇ ನಿಲ್ಲಿಸ್ತೀನಿ."

ಪೊಲೀಸಪ್ಪ ಬಗ್ಗಿ ನೋಡಿದ. ಕಂಬಗಳು ಚಪ್ಪಡಿ ಕಲ್ಲುಗಳ ಮೇಲೆ ಸುಮ್ಮನೆ ಕೂತಿದ್ದವು. ಬೇಕಾದರೆ ಕೋರ್ಟಿಗೆ ಹೋಗಿ ಅಂದು ಅವನು ನೆರಳಿಗೆ ಸರಿದ. ಅನಂತಪದ್ಮನಾಭ ಕಂಬವೊಂದನ್ನು ಹಿಡಿದು ನಿಂತ. ಹೆಂಗಸರು ಅವನನ್ನು ಬಿಟ್ಟು ಉಳಿದ ಏಳನ್ನೂ ಬಿಚ್ಚಿದರು. ಕೊನೆಗೆ ವಿಜಯಲಕ್ಷ್ಮಿ ಅವನ ಎದುರು ಬಂದು ನಿಂತಳು.

"ನಿಮ್ಮ ತಂದೆಯೋರು ಇದ್ದಿದ್ರೆ ತೊಲೆಯ ಇನ್ನೊಂದು ತುದಿಗೆ ಹೆಗಲು ಕೊಡ್ತಿದ್ರು."

ಅವನು ಕಂಬದಿಂದ ಕೈ ತೆಗೆದ.

ವಸಂತಪುರದಲ್ಲಿ ಶಿಷ್ಯೆ ಶಿವವ್ವ ಹಾಲ್ ಮತ್ತೆ ನಿಲ್ಲಿಸಲು ತನ್ನ ಮನೆಯ ಪಕ್ಕದ ಜಾಗ ಕೊಟ್ಟಿದ್ದಳು. ತಿಮ್ಮರಾಯಪ್ಪನಿಗೆ ಎಪ್ಪತ್ತೆಂಟು, ಏಣಿ ಹತ್ತುವ ಹಾಗಿರಲಿಲ್ಲ. ಕುರ್ಚಿಯಲ್ಲಿ ಕೂತೇ ಯಾವ ತೊಲೆ ಯಾವ ಕಂಬಕ್ಕೆ ಎಂದು ಹೇಳುತ್ತಿದ್ದ. ದಾರಿಯಲ್ಲಿ ಮಳೆಗೆ ನೆನೆದ ಒಂದು ತೊಲೆ ಉಬ್ಬಿ ಕಂಬದ ತೂತಿನೊಳಗೆ ಹೋಗಲಿಲ್ಲ. ಒಂಚೂರು ಕೆತ್ತೋಣ ಎಂದವರಿಗೆಲ್ಲ ಅವನು ಬೇಡವೆಂದ.

"ಬಿಸಿಲಿಗೆ ಹಾಕ್ರಮ್ಮ. ಅದಕ್ಕೆ ಅದರ ಜಾಗ ಗೊತ್ತು."

ನಾಲ್ಕನೆಯ ದಿನ ಮಧ್ಯಾಹ್ನ ಎರಡೇ ಏಟಿಗೆ ತೊಲೆ ಒಳಗೆ ಸರಿಯಿತು. ಹೆಂಗಸರು ಮಷೀನುಗಳನ್ನು ಒಳಗೆ ಹೊತ್ತು ತಂದರು. ವಿಜಯಲಕ್ಷ್ಮಿ ತಿರುಗಿ ನೋಡಿದಳು. ಅಪ್ಪ ಕುರ್ಚಿಯಿಂದ ಎದ್ದು ಬಂದು, ಕಂಬಕ್ಕೆ ಬೆನ್ನು ಕೊಟ್ಟು, ತನ್ನ ಪೂರ್ತಿ ಭಾರ ಹಾಕಿ ನಿಂತಿದ್ದ.