ಬಂಡೆಪ್ಪನ ಮಾತು ಕದಡಿದ ದಿನ

ಧಾರಾವಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಚರ್ಮದ ಬ್ಯಾಗು ಹೊಲಿಯುತ್ತಿದ್ದ ಬಂಡೆಪ್ಪ ಆ ಬೆಳಿಗ್ಗೆ ಎಂದಿನಂತೆ ಎದ್ದ, ಮುಖ ತೊಳೆದ, ಅಂಗಿ ತೊಟ್ಟ. ಆಮೇಲೆ ಹೆಂಡತಿಯ ಕಡೆ ಕೈ ಚಾಚಿ, "ಛತ್ರಿ ಕೊಡು, ಕುಡೀತೀನಿ" ಎಂದ.

ಸೋಮವ್ವನಿಗೆ ನಗು ಬಂತು. 1993ರ ಬೇಸಿಗೆ, ಹೊರಗೆ ಸುಡುಬಿಸಿಲು. ತಮಾಷೆ ಇರಬೇಕೆಂದು ಚಹಾದ ಕಪ್ಪು ಕೊಟ್ಟಳು. ಕಪ್ಪು ಅವನ ಬಲಗೈಯಿಂದ ಜಾರಿ ಬಿತ್ತು.

"ಭಾನುವಾರ ಛತ್ರಿ... ಗೋಡಿ ಕುಡಿ, ಗೋಡಿ!" ಎಂದು ಬಂಡೆಪ್ಪ ರೇಗಿದ. ತಾನು ಸರಿಯಾಗಿಯೇ ಹೇಳುತ್ತಿದ್ದೇನೆ, ಇವಳಿಗೇ ತಿಳಿಯುತ್ತಿಲ್ಲ ಎಂಬ ಸಿಟ್ಟು ಅವನ ಕಣ್ಣಲ್ಲಿತ್ತು. ಸೋಮವ್ವನ ನಗು ಅಲ್ಲೇ ನಿಂತಿತು.

ಬಂಡೆಪ್ಪನ ಅಕ್ಕ ಸುಂದ್ರವ್ವ ಅವರ ಜೊತೆಯಲ್ಲೇ ಇದ್ದಳು. ತಮ್ಮನ ಮಾತು ಕೇಳಿ ಎದೆ ಬಡಿದುಕೊಂಡಳು. "ಸೋಮಿ, ಯಾರೋ ಇವನಿಗಿ ಭಾನಾಮತಿ ಮಾಡ್ಯಾರ! ಸಂಜಿ ಗಾಡಿಗಿ ಊರಿಗಿ ಕರ್ಕೊಂಡು ಹೋಗಮು. ಅಲ್ಲಿ ಅದನ್ನ ತೆಗಿಯೋರು ಅದಾರ."

ಸೋಮವ್ವನಿಗೆ ಏನೂ ತೋಚಲಿಲ್ಲ. ಗಂಡ ನಡೆಯುತ್ತಾನೆ, ನೋಡುತ್ತಾನೆ, ಬಾಯಿ ತುಂಬ ಮಾತಾಡುತ್ತಾನೆ. ಇದು ಯಾವ ರೋಗ? ಅಷ್ಟರಲ್ಲಿ ಗಲಾಟೆ ಕೇಳಿ ಬಂದ ಪಕ್ಕದ ಖೋಲಿಯ ಗುರಲಿಂಗಪ್ಪ, "ಊರಿನ ಮಾತು ಆಮ್ಯಾಲ. ಮೊದಲ ದವಾಖಾನಿ ನೋಡ್ರಿ" ಎಂದವನೇ ಟ್ಯಾಕ್ಸಿ ಕರೆದು ಮೂವರನ್ನೂ ಹತ್ತಿಸಿದ.

ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನು ತೆಗೆದರು. ಕಿರಿಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹಿಂದಿಯಲ್ಲಿ, ಇದರಲ್ಲಿ ಏನೂ ಇಲ್ಲ, ಮನಸ್ಸಿನ ಕಾಯಿಲೆಯ ಡಾಕ್ಟರಿಗೂ ತೋರಿಸಬೇಕಾಗಬಹುದು ಎಂದರು. ಸೋಮವ್ವನಿಗೆ ಅದರಲ್ಲಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಏನೂ ಇಲ್ಲವೆಂದರೆ ಸಂತೋಷಪಡಬೇಕೋ? ಹಾಗಾದರೆ ಇವರು ಯಾಕೆ ಹೀಗೆ? ಹುಚ್ಚೋ?

"ಮಷೀನೇ ಏನಿಲ್ಲ ಅಂತು. ಇನ್ನ ಏನ್ ನೋಡ್ತಿ? ಏಳು, ಗಾಡಿ ಹೋಗ್ತದ" ಎಂದು ಸುಂದ್ರವ್ವ ತಮ್ಮನ ರಟ್ಟೆ ಹಿಡಿದಳು.

ಸ್ಕ್ಯಾನ್ ವಿಭಾಗದ ನರ್ಸ್ ಶಾಮಲಾ ಅದೇ ದಾರಿಯಲ್ಲಿ ಬರುತ್ತಿದ್ದರು. ಮೈಸೂರಿನ ಕಡೆಯವರು. ಕನ್ನಡ ಕಿವಿಗೆ ಬಿದ್ದು ನಿಂತರು. ಬಂಡೆಪ್ಪನನ್ನು ಮಾತಾಡಿಸಿದರು, ಎರಡೂ ಕೈ ಎತ್ತಿ ತೋರಿಸಿ ಹಾಗೇ ಮಾಡಿಸಿದರು. ಬಲಗೈ ನಿಧಾನವಾಗಿ ಕೆಳಗಿಳಿಯಿತು.

"ಅಮ್ಮಾ, ಇವರನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ. ಲಕ್ವಾ ಹೊಡೆದಿರಬಹುದು."

"ಲಕ್ವಾ ಹೊಡದ್ರ ಕೈಕಾಲ ಬೀಳ್ತಾವಲ್ರಿ ಸಿಸ್ಟರ್? ಇವ್ರು ನಡೀತಾರ. ಫೋಟೋದಾಗೂ ಏನಿಲ್ಲ ಅಂದ್ರು" ಎಂದಳು ಸೋಮವ್ವ.

"ಮಿದುಳಲ್ಲಿ ರಕ್ತ ಸೋರಿದ್ರೆ ಆ ಫೋಟೋದಲ್ಲಿ ಬೇಗ ಕಾಣುತ್ತೆ. ರಕ್ತ ಹೋಗೋ ನಾಳ ಕಟ್ಟಿದ್ರೆ ಮೊದಮೊದಲು ಕಾಣದೇ ಇರಬಹುದು. ಈಗ ಇಲ್ಲಿ ಆಯಸ್ಕಾಂತದ ಮಷೀನು ಬಂದಿದೆ, ಎಮ್ಮಾರೈ ಅಂತ. ಅದರಲ್ಲಿ ಒಂದು ಹೊಸ ರೀತಿ ಫೋಟೋ ತೆಗೆದು ನೋಡ್ತಿದ್ದಾರೆ. ಮಿದುಳಿನೊಳಗೆ ನೀರು ಹೇಗೆ ಓಡಾಡ್ತಿದೆ ಅಂತ ಅದು ತೋರಿಸುತ್ತೆ."

"ತಲ್ಯಾಗ ನೀರು?" ಸೋಮವ್ವನ ಗೊಂದಲ ಇನ್ನೂ ಹೆಚ್ಚಿತು.

"ಎಲ್ಲರ ತಲೇಲೂ ಇರುತ್ತೆ. ನಿಮ್ಮ ಗಲ್ಲೀಲಿ ಜನ ಓಡಾಡಲ್ವಾ, ಹಾಗೇ ಅದೂ ಕಣ್ಣಿಗೆ ಕಾಣದಂತೆ ಓಡಾಡ್ತಾ ಇರುತ್ತೆ. ರಕ್ತ ಸಿಗದ ಜಾಗ ಊದಿಕೊಳ್ಳುತ್ತೆ. ಎರಡೂ ಕಡೆ ಸಾಮಾನು ಇಟ್ಟ ಗಲ್ಲಿ ಥರ ಇಕ್ಕಟ್ಟಾಗುತ್ತೆ. ನೀರು ಅಲ್ಲೇ ತಡೆದು ನಿಲ್ಲುತ್ತೆ. ಆ ಜಾಗ ಫೋಟೋದಲ್ಲಿ ಬೆಳ್ಳಗೆ ಕಾಣುತ್ತೆ."

ಶಾಮಲಾ ಹಿರಿಯ ಡಾಕ್ಟರನ್ನು ಕರೆತಂದರು. ಅವರು ಪರೀಕ್ಷಿಸಿ ಆ ಹೊಸ ಫೋಟೋ ತೆಗೆಯಲು ಒಪ್ಪಿದರು. ಒಂದು ತೊಡಕಿತ್ತು. ರೋಗಿ ಸ್ವಲ್ಪ ಅಲುಗಿದರೂ ಚಿತ್ರ ಕೆಡುತ್ತದೆ. ಬಂಡೆಪ್ಪನಿಗೋ ಹೇಳಿದ್ದು ತಿಳಿಯುತ್ತಿಲ್ಲ. ಹೆಂಡತಿಯೇ ಒಳಗೆ ಹೋಗಿ ಹಿಡಿದು ಕೂರಬೇಕು.

"ಒಳಗೆ ಲೋಹ ತರೋ ಹಾಗಿಲ್ಲ. ಅವರ ಬೆಳ್ಳಿ ಉಡದಾರ ತೆಗೀರಿ. ನಿಮ್ಮ ಕಾಲುಂಗುರ, ಮೂಗುತಿ..." ಶಾಮಲಾ ಸ್ವಲ್ಪ ತಡೆದು, "ತಾಳೀನೂ" ಎಂದರು.

ಸುಂದ್ರವ್ವ ಕೆರಳಿದಳು. "ಗಂಡ ಹಿಂಗ ಇರುವಾಗ ತಾಳಿ ತೆಗೀತಾರೇನ್ರಿ?"

ಸೋಮವ್ವನ ಕೈ ಕೊರಳಲ್ಲೇ ನಿಂತಿತು. ತೆಗೆದರೆ ಕೆಡುಕಾಗುತ್ತದೋ, ತೆಗೆಯದಿದ್ದರೆ ಆಗುತ್ತದೋ? ಕೇಳೋಣವೆಂದರೆ ಬಂಡೆಪ್ಪ ಅವಳನ್ನೇ ನೋಡುತ್ತ, "ಛತ್ರಿ, ಸೋಮಿ, ಛತ್ರಿ" ಎಂದು ಅಳುತ್ತಿದ್ದ. ಅವನು ಅತ್ತದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ಅಕ್ಕಾ, ಸೆರಗ ಒಡ್ಡು" ಎಂದು ತಾಳಿ ತೆಗೆದಳು. ಸುಂದ್ರವ್ವ ಗೊಣಗಿದಳು, ಮುಖ ತಿರುಗಿಸಿದಳು. ಕೊನೆಗೆ ಸೆರಗೊಡ್ಡಿ ತೆಗೆದುಕೊಂಡು ಎದೆಗೊತ್ತಿ ಕೂತಳು.

ಒಳಗೆ ಮಷೀನು ಬಡಿಗೆಯಿಂದ ಬಡಿದ ಹಾಗೆ ಸದ್ದು ಮಾಡಿತು. ಬಂಡೆಪ್ಪ ಬೆದರಿ ಒದ್ದಾಡಿದ, ಮೊದಲ ಚಿತ್ರ ಕೆಟ್ಟಿತು. ಸೋಮವ್ವ ಅವನ ಪಾದಗಳನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಒತ್ತುತ್ತ ಹೋದಳು. ಮಾತು ಮುಟ್ಟದ ಕಡೆ ಕೈ ಮುಟ್ಟಿತು. ಅವನು ಸುಮ್ಮನಾದ.

ಹಿರಿಯ ಡಾಕ್ಟರು ಫಿಲ್ಮ್ ತೋರಿಸಿದರು. ಮಿದುಳಿನ ಎಡಭಾಗದಲ್ಲಿ ಬೆಳ್ಳನೆಯ ಒಂದು ಮಚ್ಚೆ. ಶಾಮಲಾ ಕನ್ನಡದಲ್ಲಿ ಹೇಳಿದರು: "ಮಾತನ್ನ ನೋಡಿಕೊಳ್ಳೋ ಜಾಗ ಇದು. ಇಲ್ಲಿಗೆ ಬರೋ ರಕ್ತ ನಿಂತುಹೋಗಿದೆ. ಹುಚ್ಚಲ್ಲ, ಭಾನಾಮತಿ ಅಲ್ಲ. ಲಕ್ವಾ."

ಸುಂದ್ರವ್ವ ಆ ಮಚ್ಚೆಯನ್ನು ಬಹಳ ಹೊತ್ತು ನೋಡಿದಳು. "ಗಾಡ್ಯಾಗ ಒಯ್ದಿದ್ರ?"

"ದಾರೀಲಿ ಬಿಪಿ ಏರಿದ್ರೆ, ಕುಡಿಸಿದ ನೀರು ಗಂಟಲಿಗೆ ಸಿಕ್ಕಿದ್ರೆ ಯಾರು ನೋಡ್ತಿದ್ರು?"

ಸುಂದ್ರವ್ವ ಎದೆಗೊತ್ತಿಕೊಂಡಿದ್ದ ಸೆರಗು ಬಿಚ್ಚಿದಳು. ಸೋಮವ್ವನ ಕೊರಳಿಗೆ ತಾನೇ ತಾಳಿ ಹಾಕಿದಳು. ಸೋಮವ್ವನಿಗೆ ಅಳು ಬಂತು. ರೋಗಕ್ಕೆ ಹೆಸರು ಸಿಕ್ಕ ಸಮಾಧಾನಕ್ಕೋ, ಆ ಹೆಸರು ಕೇಳಿದ ಭಯಕ್ಕೋ, ಅವಳಿಗೇ ತಿಳಿಯಲಿಲ್ಲ.

ಔಷಧಿ ಶುರುವಾಯಿತು. ಏರಿದ್ದ ಬಿಪಿ ಹಿಡಿತಕ್ಕೆ ಬಂತು. ಮಾತು ಕಲಿಸುವವರ ಬಳಿ ಸುಂದ್ರವ್ವನೇ ತಮ್ಮನನ್ನು ಕರೆದುಕೊಂಡು ಹೋಗತೊಡಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬಂಡೆಪ್ಪ ಮತ್ತೆ ಹೊಲಿಗೆಗೆ ಕೂತ. ಈಗಲೂ ಒಮ್ಮೊಮ್ಮೆ ಪದ ಸಿಗದೆ ತಡವರಿಸುತ್ತಾನೆ. ಮನೆಯವರು ಕಾಯುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರದಾದರೂ ಮಾತು ಇದ್ದಕ್ಕಿದ್ದ ಹಾಗೆ ಕದಡಿದರೆ, ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಇಳಿದರೆ, ತಡಮಾಡಬೇಡಿ. ತಿನ್ನಲು ಕುಡಿಯಲು ಕೊಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವಾಗ ಶುರುವಾಯಿತೆಂದು ಡಾಕ್ಟರಿಗೆ ಹೇಳಿ. ಮೊದಲ ಫೋಟೋದಲ್ಲಿ ಏನೂ ಕಾಣಲಿಲ್ಲವೆಂದು ಎದ್ದು ಬರಬೇಡಿ, ಮುಂದೇನು ಎಂದು ಕೇಳಿ. ಆಯಸ್ಕಾಂತದ ಮಷೀನಿಗೆ ಹೆದರಬೇಡಿ. ಆದರೆ ಹೃದಯದ ಬಡಿತಕ್ಕೆಂದು ಎದೆಯಲ್ಲಿ ಯಂತ್ರ ಕೂರಿಸಿದ್ದರೆ, ಮೈಯೊಳಗೆ ಲೋಹದ ಚೂರಿದ್ದರೆ ಒಳಗೆ ಹೋಗುವ ಮೊದಲೇ ತಿಳಿಸಿ. ಆ ಮಷೀನು ನಿಮ್ಮೂರಿನ ಆಸ್ಪತ್ರೆಯಲ್ಲಿ ಇಲ್ಲದಿದ್ದರೂ ಸರಿ, ಆಸ್ಪತ್ರೆಗೆ ಹೋಗಿ. ನಿಮಗೆ ಏನೂ ಅರ್ಥವಾಗದೆ ಗೊಂದಲವಾದರೂ ಪರವಾಗಿಲ್ಲ. ಗೊಂದಲದಲ್ಲೇ ಹೊರಡಿ, ಆದರೆ ಈಗಲೇ ಹೊರಡಿ.