ಹೊಸ್ತಿಲ ನೀರು, ಗೋಡೆಯ ಬಿರುಕು

ಬಾಗಿಲಿಗೆ ನೀರು ಬೀಳದೆ ಸೌಭಾಗ್ಯಳಿಗೆ ಬೆಳಗಾಗುತ್ತಿರಲಿಲ್ಲ. ಗಂಡ ಶೈಲೇಶ, ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು, ಅವಳೊಂದಿಗೆ ರೇಗನ್ಸ್‌ಬರ್ಗಿಗೆ ಬಂದು ಎರಡು ವರ್ಷವಾಗಿತ್ತು. ಊರಂಚಿನಲ್ಲಿ ಹಳೆಯದೊಂದು ಮನೆ ಬಾಡಿಗೆಗೆ ಸಿಕ್ಕಿತ್ತು. ದಿನಾ ಬೆಳಗ್ಗೆ ಅವಳು ಬಾಗಿಲ ಮುಂದಿನ ಮೆಟ್ಟಿಲಿಗೆ ಒಂದು ಬಕೆಟ್ ನೀರು ಹೊಡೆದು, ಗುಡಿಸಿ, ನಾಲ್ಕೆಳೆ ರಂಗೋಲಿ ಎಳೆಯುತ್ತಿದ್ದಳು. ಆ ಒಂದು ಗಳಿಗೆ ಬಾಗಲಕೋಟೆ ಕಡೆಯ ತವರು ಕಣ್ಣೆದುರು ಬಂದು ನಿಲ್ಲುತ್ತಿತ್ತು. ಮಿಕ್ಕ ಹೊತ್ತೆಲ್ಲ ಜರ್ಮನಿಯೇ.

ಅವಳ ತಾಯಿ ಅಂಬವ್ವ ಯುಗಾದಿಗೆ ಬರುವವಳಿದ್ದಳು. ಬಾಗಿಲ ಪಕ್ಕದ ಕೋಣೆಯಲ್ಲಿ ಕೌದಿ ಹಾಸಿ, ಅವ್ವನ ಹಾಸಿಗೆಯನ್ನು ಸೌಭಾಗ್ಯ ಡಿಸೆಂಬರಿನಲ್ಲೇ ಸಿದ್ಧ ಮಾಡಿಟ್ಟಿದ್ದಳು. ಹಾದುಹೋಗುವಾಗೆಲ್ಲ ಒಮ್ಮೆ ಅದನ್ನು ಸವರಿ ಹೋಗುತ್ತಿದ್ದಳು.

ಜನವರಿಯ ಒಂದು ಬೆಳಗ್ಗೆ ಅದೇ ಕೋಣೆಯ ಗೋಡೆಯಲ್ಲಿ ಬಿರುಕು ಕಂಡಿತು. ಕೂದಲೆಳೆಯಷ್ಟಿದ್ದದ್ದು ವಾರದೊಳಗೆ ಉಗುರು ತೂರುವಷ್ಟಾಯಿತು. ಹೊರಗೆ ಮೆಟ್ಟಿಲಿನ ಕಲ್ಲು ಎರಡು ಬೆರಳು ಮೇಲೆದ್ದಿತ್ತು. ಮನೆಯ ಒಡತಿ ಫ್ರಾವ್ ಹುಬರ್ ಬಂದು ನೋಡಿ ತಲೆಯಾಡಿಸಿದಳು. ಬಿರುಕು ಇನ್ನೂ ಅಗಲವಾದರೆ ಮಾರ್ಚಿನಲ್ಲಿ ಮನೆ ಖಾಲಿ ಮಾಡಿಸಿ, ಅಡಿಪಾಯ ಅಗೆದು ರಿಪೇರಿ ಮಾಡಿಸಬೇಕು ಎಂದಳು. ಮನೆಯೇ ಖಾಲಿಯಾದರೆ ಅವ್ವ ಎಲ್ಲಿಗೆ ಬರಬೇಕು?

ಶೈಲೇಶ ತನ್ನ ಪರಿಚಯದ ಆಸಿಯಾಳನ್ನು ಕರೆತಂದ. ಅವಳು ಹುಬ್ಬಳ್ಳಿಯವಳು, ಸಿವಿಲ್ ಎಂಜಿನಿಯರ್. ಈ ಊರಿನಲ್ಲಿ ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡುವುದೇ ಅವಳ ಕೆಲಸ. ಅವಳು ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ತಟ್ಟಿ ನೋಡಿದಳು.

"ಅಕ್ಕಾ, ಇಲ್ಲಿ ದಿನಾ ನೀರ ಹೊಡಿತೀರೇನ್ರಿ?"

"ಹೂಂ ಮತ್ತ! ನೀರ ಹೊಡೀಲಿಲ್ಲಂದ್ರ ಹಾಳು ಬಿದ್ದ ಮನಿ ಅನ್ನಂಗಿಲ್ಲೇನು ಮಂದಿ?"

"ಯಾವ ಮಂದಿರಿ? ಈ ಓಣ್ಯಾಗ?"

ಸೌಭಾಗ್ಯ ಖಾಲಿ ಬಕೆಟ್ಟನ್ನು ಬದಿಗೆ ಸರಿಸಿದಳು.

"ಹೊಡದ ನೀರು ಎಲ್ಲಿ ಹೋಗತೈತಿ?" ಆಸಿಯಾ ಕೇಳಿದಳು.

"ಮಣ್ಣಾಗ ಇಂಗತೈತಿ. ಹತ್ತು ಮಿನಿಟಿನಾಗ ಮಾಯ."

"ಮಾಯ ಆಗಂಗಿಲ್ಲಕ್ಕ. ಮೆಟ್ಟಲ ಬುಡಕ, ಗೋಡಿ ಮಗ್ಗಲಕ ಹೋಗಿ ಕುಂಡರತೈತಿ. ಥಂಡಿಗೆ ಗಡ್ಡಿಕಟ್ಟಿ ಉಬ್ಬತೈತಿ. ಮನಿ ಅಡಿಪಾಯ ಆಳಕ್ಕ ಐತಿ, ಮೆಟ್ಟಲದ್ದು ಇಲ್ಲ. ಅದಕ್ಕ ಮೊದಲ ಮೆಟ್ಟಲ ಏಳತೈತಿ. ಅದು ಗೋಡಿಗೆ ಅಂಟಿಕೊಂಡೈತಿ ನೋಡ್ರಿ, ಗೋಡೀನೂ ಜಗ್ಗತೈತಿ. ಬಿರಕು ಬಿಟ್ಟ ಮ್ಯಾಲ ಅದರಾಗ ನೀರು ಇಳೀತೈತಿ, ಮತ್ತ ಉಬ್ಬತೈತಿ. ಹಿಂಗ ಬಿಟ್ರ ಅಡಿಪಾಯಕ್ಕೂ ಪೆಟ್ಟು ತಪ್ಪಂಗಿಲ್ಲ."

"ಸುಮ್ನಿರ ಆಸಿಯಾ! ಒಂದು ಬಕೀಟ ನೀರು ಕಲ್ಲಿನ ಮನಿ ಅಲ್ಲಾಡಸತೈತಂತ!"

ಆಸಿಯಾ ನಕ್ಕಳು. "ಒಂದು ಗಾಜಿನ ಬಾಟ್ಲಿ ಕೊಡ್ರಿ ಹಂಗಾರ."

ಕಪಾಟಿನಲ್ಲಿ ಮೊದಲು ಕೈಗೆ ಸಿಕ್ಕದ್ದು ಅವ್ವ ಕಳಿಸಿದ ಉಪ್ಪಿನಕಾಯಿಯ ಬಾಟಲಿ. ದೀಪಾವಳಿಗೇ ಖಾಲಿಯಾಗಿತ್ತು. ಮನಸ್ಸು ತಡೆಯದ ದಿನ ಸೌಭಾಗ್ಯ ಅದರ ಮುಚ್ಚಳ ತೆಗೆದು ವಾಸನೆ ನೋಡುತ್ತಿದ್ದಳು. ಅದನ್ನು ಹಿಂದಕ್ಕೆ ಸರಿಸಿ, ಇಲ್ಲಿನ ಅಂಗಡಿಯ ಸೌತೆಕಾಯಿ ಬಾಟಲಿ ಕೊಟ್ಟಳು. ಆಸಿಯಾ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು, ಹೊರಗೆ ಹಿಮದಲ್ಲಿ ಇಟ್ಟು ಹೋದಳು.

ಮರುದಿನ ಬೆಳಗ್ಗೆ ಬಾಟಲಿ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಸೌಭಾಗ್ಯ ಫೋನು ಮಾಡಿದಳು. "ಒಡೀತವಾ ನಿನ್ನ ಬಾಟ್ಲಿ."

"ನೀರು ಗಡ್ಡಿ ಆದ್ರ ಸುಮಾರು ಹತ್ತರಾಗ ಒಂದು ಪಾಲು ಹೆಚ್ಚಿಗಿ ಜಾಗ ಬೇಡತೈತ್ರಿ ಅಕ್ಕ. ಕೊಡಲಿಲ್ಲಂದ್ರ ಒಡದು ತಗೊಳ್ತೈತಿ."

ಬುದ್ಧಿಗೆ ತಿಳಿಯಿತು, ಮನಸ್ಸು ಒಪ್ಪಲಿಲ್ಲ. ಬಾಗಿಲು ಒಣಗಿದರೆ ತವರಿನ ನಂಟೇ ಒಣಗಿದಂತೆ ಎನಿಸಿ ಸಂಕಟವಾಯಿತು. ಭಾನುವಾರ ಊರಿಗೆ ಫೋನು ಹಚ್ಚಿದಾಗ ಎಲ್ಲವನ್ನೂ ಹೇಳಿದಳು. ಅವ್ವ ಬೈಯಲಿ, ನೀರು ಹೊಡೆಯುವುದನ್ನು ನಿಲ್ಲಿಸಬೇಡ ಎನ್ನಲಿ ಎಂದೇ ಒಳಗೊಳಗೆ ಕಾದಿದ್ದಳು.

ಅಂಬವ್ವ ಬೈಯಲಿಲ್ಲ. "ಅಲ್ಲವಾ, ನಾವು ನೀರ ಯಾಕ ಹೊಡಿತೀವಿ? ಧೂಳ ಏಳಬಾರದಂತ. ಅಲ್ಲಿ ಧೂಳ ಐತೇನು?"

ಸೌಭಾಗ್ಯ ಕಿಟಕಿಯಾಚೆ ನೋಡಿದಳು. ಕಣ್ಣು ಹಾಯುವಷ್ಟು ದೂರ ಹಿಮ.

"ಇಲ್ಲಬೇ ಯವ್ವ. ಇಲ್ಲಿ ಧೂಳ ಇಲ್ಲ" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಎರಡು ವರ್ಷ ಅವಳು ನೀರು ಹೊಡೆದದ್ದು ಇಲ್ಲದ ಧೂಳಿಗೆ. ಊರಲ್ಲಿದ್ದಾಗ ಬೈದು ಬೈದು ಗುಡಿಸಿದ ಆ ಧೂಳೂ ಈಗ ಬೇಕೆನಿಸಿತು.

"ಅಳಬ್ಯಾಡ" ಎಂದಳು ಅವ್ವ. "ಒಣ ಹಲಗಿ ಮ್ಯಾಲ ರಂಗೋಲಿ ಹಾಕು. ಗೋಡಿ ಜ್ವಾಪಾನ ಮಾಡು. ನಾ ಬಂದು ಮಲಗೂದು ಅದ ಕ್ವಾಣ್ಯಾಗಲ್ಲ?"

ಮರುದಿನವೇ ಬಕೆಟ್ ಬೋರಲಾಯಿತು. ಆಸಿಯಾ ಮನೆಯ ಸುತ್ತ ಒಂದು ಸುತ್ತು ಹಾಕಿ ಇನ್ನಿಬ್ಬರು ಕಳ್ಳರನ್ನು ಹಿಡಿದಳು. ಮಾಡಿನ ನೀರು ಹರಿದುಹೋಗುವ ಸೂರಿನ ದೋಣಿಯಲ್ಲಿ ಹೋದ ಶರತ್ಕಾಲದ ಎಲೆ ಕೊಳೆತು ಕಟ್ಟಿಕೊಂಡು ನೀರು ಗೋಡೆಗೆ ಸುರಿಯುತ್ತಿತ್ತು. ದೋಣಿಯ ನೀರನ್ನು ನೆಲಕ್ಕಿಳಿಸುವ ಕೊಳವೆಯ ಬಾಯಿ ಗೋಡೆಯ ಬುಡದಲ್ಲೇ ಇತ್ತು. ಕೀಬೋರ್ಡು ಬಿಟ್ಟು ಬೇರೇನೂ ಮುಟ್ಟದ ಶೈಲೇಶ ಏಣಿ ಹತ್ತಿ, ಗೊಣಗುತ್ತಲೇ ಎಲೆ ತೆಗೆದ. ಫ್ರಾವ್ ಹುಬರ್ ಕೊಳವೆಗೆ ಇನ್ನೊಂದು ತುಂಡು ಜೋಡಿಸಿ ನೀರನ್ನು ದೂರಕ್ಕೆ ಬಿಡಿಸಿದಳು. ಗೋಡೆಗೆ ಒತ್ತಿ ಬಿದ್ದ ಹಿಮವನ್ನು ಸೌಭಾಗ್ಯ ದಿನಾ ಆಚೆ ಸರಿಸಿದಳು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಳು. ಫೆಬ್ರವರಿ ಕಳೆಯಿತು, ಬಿರುಕು ಗೆರೆ ದಾಟಲಿಲ್ಲ. ಹಿಮ ಕರಗಿದ ಮೇಲೆ ಮೇಸ್ತ್ರಿ ಬಂದು ಬಿರುಕು ಮುಚ್ಚಿ, ಮೆಟ್ಟಿಲನ್ನು ಗೋಡೆಯಿಂದ ಬಿಡಿಸಿ ಮಟ್ಟವಾಗಿ ಕೂರಿಸಿ, ಗೋಡೆಯ ಬುಡದ ಮಣ್ಣನ್ನು ಹೊರಕ್ಕೆ ಇಳಿಜಾರು ಮಾಡಿದ. ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ.

ಯುಗಾದಿಗೆ ಅಂಬವ್ವ ಬಂದಳು. ಹಲಗೆಯ ರಂಗೋಲಿ ದಾಟಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಚಪ್ಪಲಿಯ ಅಂಚಿನಲ್ಲಿ ಊರಿನ ಕೆಂಪು ಧೂಳು ಹಾಗೇ ಇತ್ತು, ಒಂದಿಷ್ಟು ಕಲ್ಲಿನ ಮೇಲೂ ಉದುರಿತ್ತು. ಸೌಭಾಗ್ಯ ನಿಂತು ನೋಡಿದಳು. ಅದಕ್ಕೆ ಅವಳು ನೀರು ಹೊಡೆಯಲಿಲ್ಲ.

ಈ ಚಳಿನಾಡಿಗೆ ಬಂದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಿಮ ಬೀಳುವ ಮೊದಲೇ ನಿಮ್ಮ ಮನೆಯ ಸುತ್ತ ಒಮ್ಮೆ ನಡೆದು ಬನ್ನಿ. ಸೂರಿನ ದೋಣಿಯ ಎಲೆ ತೆಗೆಯಿರಿ. ನೀರು, ಹಿಮ ಎರಡನ್ನೂ ಗೋಡೆಯಿಂದ ದೂರವಿಡಿ. ಬಿರುಕು ಕಂಡರೆ ಗೆರೆ ಎಳೆದು ತಾರೀಖು ಬರೆಯಿರಿ, ಬೆಳೆದರೆ ಅಂದೇ ಮನೆಯ ಮಾಲೀಕರಿಗೆ ಹೇಳಿ, ತಿಳಿದವರನ್ನು ಕರೆಸಿ. ಊರಿಂದ ನಿಮ್ಮವರೂ ಒಂದು ದಿನ ಬರುತ್ತಾರೆ. ಅವರು ಕಾಲಿಡುವ ಮೆಟ್ಟಿಲು ಗಟ್ಟಿಯಾಗಿರಲಿ.