ಇಲ್ಲದ ಆರು, ಇದ್ದ ಒಂದು

"ಹತ್ತು" ಎಂದ ಬಾಶ್ಮುಹಂದಿಸ್ ರಿಫ್ಕಿ, ನಮ್ಮ ಹಳೇ ಎಂಜಿನಿಯರ್ ಸಾಹೇಬ. ನನ್ನ ಕಣ್ಣೆದುರಿಗೇ, ಚಹಾದ ಲೋಟದಲ್ಲಿ ಪುದೀನ ತಿರುವುತ್ತ, ಒಂದಿಷ್ಟೂ ನಾಚಿಕೆಯಿಲ್ಲದೆ ಅಂದ.

ಕೇಳಿದವರು ದುಕ್ತೂರಾ ಇಜ್ಲಾಲ್, ಡಾಕ್ಟರೇಟ್ ಮಾಡಿ ಅಲೆಕ್ಸಾಂಡ್ರಿಯಾದಲ್ಲಿ ಗಣಿತ ಹೇಳಿಕೊಡುವ ಹೆಂಗಸು. ಮನುಷ್ಯ ಹಾರಲು ಕಲಿತಾಗಿನಿಂದ ಜಗತ್ತಿನಲ್ಲಿ ಒಟ್ಟು ಎಷ್ಟು ಬಗೆಯ ವಿಮಾನಗಳಾದವು ಎಂದು ಅಂದಾಜು ಮಾಡುವ ಒಂದು ಗುಂಪು ಇದೆಯಂತೆ. ಒಬ್ಬ ಇಪ್ಪತ್ತು ಸಾವಿರ ಎನ್ನುತ್ತಾನಂತೆ, ಇನ್ನೊಬ್ಬ ಐವತ್ತು ಸಾವಿರ. ಈಜಿಪ್ಟಿನ ಪಾಲು ಈಕೆಯದು. ಕೇಳಿದ್ದು ನಮ್ಮ ಕಾರ್ಖಾನೆಯಲ್ಲಿ ಎಷ್ಟು ಬಗೆ ಆದವು ಎಂದು. ಒಂದೇ ಬಗೆಯವು ಸಾವಿರ ಹಾರಿದ್ದರೂ ಲೆಕ್ಕಕ್ಕೆ ಒಂದೇ. ಒಂದೇ ಒಂದು ಮಾಡಿ, ಹಾರಿಸಿ, ಬಿಚ್ಚಿಹಾಕಿದ್ದರೂ ಒಂದು. ಈ ನಿಯಮ ಕೇಳಿದ್ದಕ್ಕೇ ನಾನು ಬಸ್ಸಿಗೆ ತಗಡು ಹೊಡೆಯುವ ಕೆಲಸ ಅರ್ಧಕ್ಕೆ ಬಿಟ್ಟು ನಿವೃತ್ತರ ಸಂಘದ ಕೋಣೆಗೆ ಓಡಿ ಬಂದದ್ದು.

ನಮ್ಮ ಕಾರ್ಖಾನೆ ಮುಚ್ಚಿ ಹದಿನೆಂಟು ವರ್ಷವಾಯಿತು. ಕೈರೋದ ಹೊರಗಿನ ಸಣ್ಣ ಕಾರ್ಖಾನೆ. ಅಲ್ಲಿ ನಾನು ರೆಕ್ಕೆಗೆ ರಿವೆಟ್ ಹೊಡೆಯುತ್ತಿದ್ದೆ. ರಿಫ್ಕಿ ನಕ್ಷೆ ಕೋಣೆಯ ಮುಖ್ಯಸ್ಥ. ನನ್ನ ಗುರು ಉಸ್ತಾ ಗರೀಬ್, ಅಂದರೆ ಗರೀಬ್ ಮೇಸ್ತ್ರಿ, ತಗಡಿನ ಶೆಡ್ಡಿನ ದೊರೆ.

"ಹತ್ತರಲ್ಲಿ ಉಸ್ತಾ ಗರೀಬ್‌ದು ಸೇರಿದೆಯಾ?" ಎಂದೆ.

"ಯಾವುದು?"

"ಹತ್ತಿ ಬೆಳೆಗೆ ಔಷಧಿ ಹೊಡೆಯೋಕೆ ಮಾಡಿದ್ವಲ್ಲ, ಹಳದಿ ಬಣ್ಣದ್ದು. ಅರವತ್ತಾರರಲ್ಲಿ."

ರಿಫ್ಕಿ ನಕ್ಕ. "ದುಕ್ತೂರಾ, ಅದು ವಿನ್ಯಾಸ ಅಲ್ಲ. ನಮ್ಮ ಎಂಟನೇ ನಂಬರಿನದನ್ನ ಇವರು ರಿಪೇರಿ ಮಾಡಿದ್ರು, ಅಷ್ಟೇ. ನಕ್ಷೆ ಇಲ್ಲ, ನಂಬರ್ ಇಲ್ಲ."

"ರೆಕ್ಕೆ ಹೊಸದು, ಬಾಲ ಹೊಸದು, ಹೊಟ್ಟೆ ಹೊಸದು, ಗಾಲಿ ಹೊಸದು. ಪೈಲಟ್ ಕೂರೋ ಕುರ್ಚಿ ಒಂದೇ ಹಳೇದು! ಹೊಸ ಜಲಾಬಿಯಾಕ್ಕೆ ಹಳೇ ಗುಂಡಿ ಹೊಲಿದ್ರೆ ಅದು ಹಳೇ ಅಂಗಿನಾ?"

"ಹೆಸರಿಗೆ ಸಾಬಿರ್, ಸಹನೆಯುಳ್ಳವನು. ಆದ್ರೆ ಸಹನೆ ಅನ್ನೋದು ಸಾಸಿವೆಯಷ್ಟೂ ಇಲ್ಲ" ಎಂದು ರಿಫ್ಕಿ ದುಕ್ತೂರಾಗೆ ನನ್ನ ಪರಿಚಯ ಮಾಡಿಸಿದ.

ದುಕ್ತೂರಾ ನಗಲಿಲ್ಲ. "ಫೋಟೋ ಇದೆಯಾ ಉಸ್ತಾ ಸಾಬಿರ್?"

ಎಲ್ಲಿಂದ ಬರಬೇಕು? ಕಾರ್ಖಾನೆಯ ಬಾಗಿಲಲ್ಲಿ ಸಿಪಾಯಿ ನಮ್ಮ ಊಟದ ಗಂಟನ್ನೂ ಬಿಚ್ಚಿ ನೋಡುತ್ತಿದ್ದ. ಕ್ಯಾಮೆರಾ ಸಿಕ್ಕಿದ್ದರೆ ಜೈಲು. ಒಂದು ಬೆಳೆ ಮುಗಿದ ಮೇಲೆ ಎಂಜಿನ್ ಬೇರೆ ಕಡೆಗೆ ಬೇಕೆಂದು ಬಿಚ್ಚಿಕೊಂಡು ಹೋದರು. ಉಳಿದ ತಗಡನ್ನು ಕರಗಿಸಿದರು.

"ಇಲ್ಲ. ಹಾಗಾದ್ರೆ ಆ ಹತ್ತಕ್ಕೂ ಫೋಟೋ ಇದೆಯಾ?"

ಆಕೆ ಹಾಳೆ ತಿರುಗಿಸಿ ತೋರಿಸಿದರು. ಏಳು, ಎಂಟು, ಒಂಬತ್ತು, ಹತ್ತು. ಈ ನಾಲ್ಕಕ್ಕೆ ಫೋಟೋ ಇತ್ತು, ನಕ್ಷೆ ಇತ್ತು. "ಕಾರ್ಖಾನೆಗಳು ವಿನ್ಯಾಸಕ್ಕೆ ವರಸೆಯಾಗಿ ನಂಬರ್ ಕೊಡ್ತವೆ. ಕೊನೇದು ಹತ್ತು ಅಂದ್ರೆ ಹಿಂದೆ ಒಂಬತ್ತು ಇರಲೇಬೇಕು. ಕಾಣೆಯಾದ್ದನ್ನ ನಾವು ಹೀಗೇ ಅಂದಾಜು ಮಾಡೋದು. ಮೊದಲ ಆರರ ಕಾಗದ ಬೆಂಕಿ ಬಿದ್ದು ಹೋಯ್ತು ಅಂತ ಬಾಶ್ಮುಹಂದಿಸ್ ಹೇಳಿದ್ರು."

ಬೆಂಕಿ! ನನ್ನ ಮೈಯೆಲ್ಲ ಉರಿಯಿತು. ಆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ. ಬೆಂಕಿ ಬಿದ್ದದ್ದು ಅಡುಗೆಮನೆಯ ಎಣ್ಣೆಗೆ ಮಾತ್ರ. ಮೊದಲ ವಿಮಾನ ಮುಗಿದಾಗ ಮಂತ್ರಿಗಳು ನೋಡಲು ಬರುವವರಿದ್ದರು. 'ಒಂದು' ಎಂದು ಬರೆದರೆ ಹುಡುಗಾಟ ಅಂದುಕೊಂಡಾರು ಎಂದು ಅದರ ಬಾಲಕ್ಕೆ 'ಏಳು' ಎಂದು ಬರೆಸಿದರು. ಆ ಅಂಕಿಗೆ ಬಣ್ಣ ಬಳಿದವರು ಉಸ್ತಾ ಗರೀಬ್. ಶೆಡ್ಡಿನಲ್ಲಿ ನಾವು ವರ್ಷಗಟ್ಟಲೆ ನಗುತ್ತಿದ್ದೆವು, ಆರು ಅಣ್ಣಂದಿರು ಹುಟ್ಟುವ ಮೊದಲೇ ಏಳನೆಯವನು ಹುಟ್ಟಿದ ಎಂದು.

ನಾನು ಬಾಯಿ ತೆರೆಯುವುದರೊಳಗೆ ರಿಫ್ಕಿ ನನ್ನ ತೋಳು ಹಿಡಿದು ಮೊಗಸಾಲೆಗೆ ಎಳೆದುಕೊಂಡು ಹೋದ.

"ನೋಡು ಸಾಬಿರ್. ನಿನ್ನ ಗುರುವಿನದು ಪಟ್ಟಿಗೆ ಸೇರ್ಬೇಕು, ಅಷ್ಟೇ ತಾನೆ? ನಾಲ್ಕನೇ ನಂಬರ್ ಖಾಲಿ ಇದೆ. ಹಳದಿ ವಿಮಾನವೇ ನಾಲ್ಕು ಅಂತ ನಾನು ಹೇಳ್ತೀನಿ, ಸಹಿ ಹಾಕ್ತೀನಿ. ಉಳಿದ ಐದರ ಬಗ್ಗೆ ನೀನು ಸುಮ್ನಿರು."

"ಇಲ್ಲದ ಐದರ ಜೊತೆ ಇದ್ದದ್ದನ್ನ ನಿಲ್ಲಿಸ್ತೀರಾ?"

"ಯಾರಿಗೆ ಗೊತ್ತಾಗುತ್ತೆ? ಹತ್ತು ವಿಮಾನದ ಅಪ್ಪ ಅಂತ ನನ್ನ ಹೆಸರು ಪುಸ್ತಕದಲ್ಲಿ ಬಂದಾಗಿದೆ ಕಣಯ್ಯ. ಈ ವಯಸ್ಸಿನಲ್ಲಿ ನನ್ನ ಮಾನ ತೆಗೀಬೇಡ."

ಹುಟ್ಟದ ಮಕ್ಕಳಿಗೆ ಅಪ್ಪನಾಗುವ ಆಸೆ ಇವನಿಗೆ. ಹುಟ್ಟಿದ್ದನ್ನು ರಿಪೇರಿ ಎಂದವನೂ ಇವನೇ. ನಾನು ಯೋಚಿಸಲಿಲ್ಲ. ಒಳಗೆ ಹೋಗಿ ಮೇಜು ಗುದ್ದಿ ಎಲ್ಲವನ್ನೂ ಹೇಳಿಬಿಟ್ಟೆ. ಮಂತ್ರಿ, ಬಾಲ, ಬಣ್ಣ, ಬೆಂಕಿ.

ದುಕ್ತೂರಾ ರಿಫ್ಕಿಯ ಮುಖ ನೋಡಿದರು. ಅವನ ಮುಖವೇ ಉತ್ತರ ಹೇಳಿತು. ಆಕೆ ಅಡಿಕೋಲು ಇಟ್ಟು ಆರು ಸಾಲು ಹೊಡೆದುಹಾಕಿದರು.

"ನಾಲ್ಕು" ಎಂದರು.

"ಐದು!" ಎಂದೆ.

"ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೆ ಈಗ ತಾನೇ ಒಬ್ಬರ ಬಾಯಿಮಾತು ನಂಬಿ ಆರು ಬರೆದು ಮೋಸ ಹೋದೆ. ಕಾರ್ಖಾನೆಗೆ ಸೇರದ ಇಬ್ಬರು, ಕಣ್ಣಾರೆ ಕಂಡವರು, ಬರೆದುಕೊಡಲಿ. ಇಲ್ಲದಿದ್ರೆ ಗೊತ್ತಾಗದೇ ಹೋದವುಗಳಿಗೆ ಅಂತ ಒಟ್ಟು ಅಂದಾಜಿನಲ್ಲಿ ಒಂದು ಹೆಚ್ಚುಕಡಿಮೆ ಇಟ್ಟಿರ್ತೀವಿ. ಅದರಲ್ಲಿ ಸೇರಿರುತ್ತೆ."

ಹೆಚ್ಚುಕಡಿಮೆ! ಹದಿನಾಲ್ಕು ತಿಂಗಳು ಬೆರಳು ಒಡೆದುಕೊಂಡು ಮಾಡಿದ್ದು ಹೆಚ್ಚುಕಡಿಮೆಯಲ್ಲಿ ಸೇರಿರುತ್ತದಂತೆ.

ಅಲ್ಲಿಂದ ನೇರ ಉಸ್ತಾ ಗರೀಬ್ ಮನೆಗೆ ಹೋದೆ. ಎಂಬತ್ತನಾಲ್ಕು ವರ್ಷ ಅವರಿಗೆ. ರೊಟ್ಟಿ ಮುರಿದು ಫೂಲ್ ಎಂಬ ಕಾಳಿನ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಿದ್ದರು. ದುಕ್ತೂರಾ ಬರುವ ಸುದ್ದಿ ಅವರಿಗೂ ಗೊತ್ತಿತ್ತು, ಬೆಳಗಿನಿಂದ ನನಗಾಗಿ ಕಾದಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ.

"ನಾಲ್ಕನೇ ನಂಬರ್ ಕೊಡ್ತೀನಿ ಅಂದ್ನಾ?"

"ಅಂದ, ಉಸ್ತಾ. ಮುಖಕ್ಕೆ ಎಸೆದು ಬಂದೆ."

ಎದ್ದು ನಿಂತು ಕೆನ್ನೆಗೆ ಬಾರಿಸಿದರು. ಐವತ್ತೆರಡು ವರ್ಷದ, ಮೊಮ್ಮಗು ಕಂಡ ನನ್ನ ಕೆನ್ನೆಗೆ. ಅವರ ಕೈಯ ಫೂಲ್ ನನ್ನ ಮೀಸೆಗೆ ಅಂಟಿಕೊಂಡಿತು.

"ನಿನ್ನನ್ನ ಯಾರು ಕೇಳಿದ್ರು ಸತ್ಯಸಂಧನ ಥರ ಆಡು ಅಂತ? ಅದು ನಿನ್ನ ವಿಮಾನನಾ? ನನ್ನದು! ನಾಲ್ಕು ಅಂತಾದ್ರೂ ಕರೀಲಿ, ನಲವತ್ತು ಅಂತಾದ್ರೂ ಕರೀಲಿ, ಒಂದು ಕಾಗದದ ಮೇಲೆ ಇರ್ತಿತ್ತಲ್ಲೋ ಕತ್ತೆ! ನಾನು ಸತ್ತ ಮೇಲೆ ನಿನ್ನ ಸತ್ಯ ಇಟ್ಕೊಂಡು ಏನು ಮಾಡ್ಲಿ?"

ಮೀಸೆ ಒರೆಸಿಕೊಂಡೆ. ರಿಫ್ಕಿಯ ಮೇಲಿನ ಕೋಪದಲ್ಲಿ ಅವರನ್ನು ಒಂದು ಮಾತು ಕೇಳಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಕೋಣೆ ಬಾಗಿಲು ಹಾಕಿಕೊಳ್ಳುವ ಮುಂಚೆ ಅವರು ಒಂದೇ ಮಾತು ಹೇಳಿದರು. "ಕಫ್ರ್ ಅಲ್-ತೂತ್‌ನಲ್ಲಿ ಹತ್ತಿ ಹೊಲದ ಮೇಲೆ ಹನ್ನೊಂದು ದಿನ ಹಾರಿತ್ತು. ಹೋಗು. ಇಬ್ಬರನ್ನ ಹಿಡ್ಕೊಂಡು ಬಾ. ಇಲ್ಲದಿದ್ರೆ ಬರಬೇಡ."

ಮರುದಿನ ಬೆಳಿಗ್ಗೆಯೇ ಡೆಲ್ಟಾದ ಬಸ್ಸು ಹತ್ತಿದೆ. ಕಫ್ರ್ ಅಲ್-ತೂತ್‌ನಲ್ಲಿ ಈಗ ಹತ್ತಿ ಇಲ್ಲ, ಮೆಕ್ಕೆಜೋಳ. ಕಾಲುವೆ ದಂಡೆಯಲ್ಲಿ ಕಂಡಕಂಡವರನ್ನು ಕೇಳಿದೆ. ಮೂವತ್ತು ವರ್ಷದ ಹಿಂದಿನ ವಿಮಾನವೇ ಎಂದು ನಕ್ಕರು. ಮೂರನೆಯವನೋ ನಾಲ್ಕನೆಯವನೋ "ಹಳದಿದಾ? ಪಾರಿವಾಳ ಸಾಕ್ತಿದ್ದ ಮುದುಕ ಹಾಜಿ ಮತ್ವಲ್ಲಿಯ ಹತ್ತಿರ ಮಾತ್ರ ಆ ಸುದ್ದಿ ಎತ್ತಬೇಡಿ" ಎಂದ. ನಾನು ಆ ಮತ್ವಲ್ಲಿಯ ಮನೆಗೇ ಹೋದೆ.

ಪಾರಿವಾಳ ಸಾಕುವ ಎತ್ತರದ ಮಣ್ಣಿನ ಗೋಪುರ, ಅದರ ನೆರಳಿನಲ್ಲಿ ಒಬ್ಬ ಮುದುಕ. ವಿಷಯ ಹೇಳಿದೆ. ಅವನ ಕಣ್ಣು ಕೆಂಪಾಯಿತು.

"ಆ ಹಾಳು ಹಳದಿ ಪೀಡೆನಾ? ನೀನಾ ಅದನ್ನ ಮಾಡಿದ್ದು?" ನನ್ನ ಕೊರಳಪಟ್ಟಿಗೆ ಕೈ ಹಾಕಿದ. "ನೂರಿಪ್ಪತ್ತು ಜೋಡಿ ಕಣೋ! ನಮ್ಮಪ್ಪ ಸಾಕಿದ್ದು! ನಿನ್ನ ವಿಮಾನ ಔಷಧಿ ಉಗುಳ್ಕೊಂಡು ಈ ಗೋಪುರದ ತಲೆ ಮೇಲೇ ಹೋಯ್ತು. ಸಂಜೆಗೆ ಮಳೆ ಬಿದ್ದಂಗೆ ಬಿದ್ವು ಹಕ್ಕಿ!"

"ಹೇಗಿತ್ತು ಅದು, ಹಾಜಿ? ನೋಡೋಕೆ ಹೇಗಿತ್ತು?"

"ಹೇಗಿತ್ತಾ? ತಲೆಕೆಳಗಾಗಿ ಹುಟ್ಟಿದಂಗಿತ್ತು! ಮೇಲಿನ ರೆಕ್ಕೆ ಗಿಡ್ಡ, ಕೆಳಗಿಂದು ಉದ್ದ!"

"ಹೊಟ್ಟೆ ಗಬ್ಬದ ಎಮ್ಮೆದು!" ಒಳಗಿನಿಂದ ಅವನ ಹೆಂಡತಿ ಉಮ್ಮ್ ರಜಬ್ ಕೂಗುತ್ತ ಬಂದಳು. "ಜೋತಾಡ್ತಿತ್ತು! ಅದನ್ನ ಮಾಡಿದ ಕೈ ಮುರಿದು ಬೀಳ!"

ಸಂತೋಷಕ್ಕೆ ನಾನು ಅಳುವುದೊಂದು ಬಾಕಿ. ಎಂಟನೇ ನಂಬರಿಗೆ ಇದ್ದದ್ದು ಒಂದೇ ಜೊತೆ ರೆಕ್ಕೆ. ಮೇಲೆ ಗಿಡ್ಡ, ಕೆಳಗೆ ಉದ್ದ ಇದ್ದದ್ದು ನಮ್ಮಲ್ಲಿ ಇದೊಂದೇ.

"ಇದನ್ನೇ ಬರೆದುಕೊಡಿ ಹಾಜಿ. ನಿಮ್ಮ ಕೈಯಾರೆ. ಬೈದೇ ಬರೆಯಿರಿ."

"ಬರೆದ್ರೆ ಪಾರಿವಾಳ ವಾಪಸ್ ಬರ್ತವಾ?"

ಹೌದು ಎನ್ನಬಹುದಿತ್ತು. "ಇಲ್ಲ" ಎಂದೆ. "ಅಂಥದ್ದೊಂದು ವಿಮಾನ ಇತ್ತು ಅಂತ ಬರ್ಕೋತಾರೆ, ಅಷ್ಟೇ."

"ಓಹೋ! ಕೊಂದದ್ದಕ್ಕೆ ಲೆಕ್ಕ, ಸತ್ತದ್ದಕ್ಕೆ ಇಲ್ಲ!" ಅವನು ಕೊರಳಪಟ್ಟಿ ಬಿಟ್ಟ. "ಪಾರಿವಾಳನೂ ಬರೀತೀನಿ. ಎಷ್ಟು ಅಂತಾನೂ ಬರೀತೀನಿ. ನಿನ್ನ ಮೇಡಂ ಓದಲಿ. ಮತ್ತೆ ನೀನು ಕೆಳಗಡೆ ಒಪ್ಪಿಕೊಂಡು ಸಹಿ ಹಾಕ್ಬೇಕು."

"ಹಾಕ್ತೀನಿ. ರೆಕ್ಕೆಗೆ ರಿವೆಟ್ ಹೊಡೆದದ್ದು ನಾನೇ."

ಹೆಂಡತಿ ಕಾಗದ ತಂದಳು. ಅವನು ಮಸೀದಿ ಶಾಲೆಯ ದಪ್ಪ ಅಕ್ಷರದಲ್ಲಿ ಬರೆಯುತ್ತ ಹೋದ, ಅವಳು ಪಕ್ಕದಲ್ಲಿ ಕೂತು ಮರೆತದ್ದನ್ನು ನೆನಪಿಸುತ್ತ, ಶಾಪ ಹಾಕುತ್ತ ಹೋದಳು. ಆಮೇಲೆ ಅವಳೂ ಹೆಬ್ಬೆಟ್ಟು ಒತ್ತಿದಳು. ಕೊನೆಗೆ ಅವನು ತಲೆಯೆತ್ತಿದ.

"ನೀನು ಕೂಲಿಯವನು. ಇದನ್ನ ಹುಟ್ಟಿಸಿದವನು ಯಾರು? ತಪ್ಪಿತಸ್ಥನ ಹೆಸರು ಹೇಳು."

"ಉಸ್ತಾ ಗರೀಬ್ ಅಬ್ದುಲ್ ಸಮೀ."

"ಒಬ್ಬನೇ? ಬೇರೆ ಯಾರೂ ಸೇರಿರಲಿಲ್ವಾ? ಎಂಜಿನಿಯರು?"

"ಯಾರೂ ಇಲ್ಲ. ಅವರೊಬ್ಬರೇ."

ಹಾಜಿ ಮತ್ವಲ್ಲಿ ಆ ಹೆಸರನ್ನು ದೊಡ್ಡದಾಗಿ ಬರೆದು, ಸಿಟ್ಟು ತೀರದೆ ಅದರ ಕೆಳಗೆ ಎರಡು ಗೆರೆ ಎಳೆದ.